ದಾರಿಪಟ್ಟಿಯ ಮೊದಲ ಸಾಲು

ನಮ್ಮೂರಿನ ಓಣಿಗಳು ಹೇಳಿದ ಕಡೆ ಹೋಗುತ್ತವೆ, ಹೇಳದಿದ್ದರೆ ಎಲ್ಲಿಗೂ ಹೋಗುವುದಿಲ್ಲ. ಮನೆಯಿಂದ ಹೊರಡುವವರು ಬಾಗಿಲ ಪಕ್ಕದ ಗುಂಡಿಗಳನ್ನು ಒತ್ತಿ, ಒಂದು ಓರೆಗೆರೆ, ಅದರ ಮುಂದೆ ಹೋಗಬೇಕಾದ ಜಾಗದ ಹೆಸರು ಬರೆದು ಹೊಸ್ತಿಲು ದಾಟುತ್ತಾರೆ. /ಗಿರಣಿ ಎಂದರೆ ಗಿರಣಿ, /ದವಾಖಾನೆ ಎಂದರೆ ದವಾಖಾನೆ. ಹತ್ತು ಹೆಜ್ಜೆಯೊಳಗೆ ಆ ಬಾಗಿಲು ಎದುರಿಗೆ ಬಂದಿರುತ್ತದೆ. ನಿನ್ನೆ ಎಡಕ್ಕಿದ್ದ ಗಿರಣಿ ಇವತ್ತು ಬಲಕ್ಕಿದ್ದರೆ ನಮಗದು ಸುದ್ದಿಯೇ ಅಲ್ಲ. ಹೊರಗಿನವರು ಬಂದಾಗ ಬಾಯಿ ತೆರೆದು ನಿಲ್ಲುತ್ತಾರೆ, ಎರಡು ದಿನಕ್ಕೆ ಅವರೂ ಒಗ್ಗಿಕೊಳ್ಳುತ್ತಾರೆ.

ಯಾವ ಹೆಸರಿಗೆ ಯಾವ ಬಾಗಿಲು ಎಂದು ಬರೆದಿಟ್ಟ ಪಟ್ಟಿ ಚಾವಡಿಯ ಸರ್ವರ್‌ನಲ್ಲಿದೆ. ಅದನ್ನು ನೋಡಿಕೊಳ್ಳುವವಳು ನಾನು, ಅನಸೂಯಾ. ಊರಿಗೆ ಅನಸಕ್ಕ. ಪಟ್ಟಿಯ ಒಂದೊಂದು ಸಾಲಿನಲ್ಲೂ ಮೂರು ಮಾತು. ಬರುವವರು ಕೇಳಲು ಬರುತ್ತಾರೋ ಕೊಡಲು ಬರುತ್ತಾರೋ ಎಂಬುದು ಮೊದಲು, ಅದಕ್ಕೂ ಬಾಗಿಲ ಬಳಿ ಬೇರೆ ಬೇರೆ ಗುಂಡಿಯಿದೆ. ಆಮೇಲೆ ಓರೆಗೆರೆಯ ಹೆಸರು. ಕೊನೆಗೆ ಆ ಬಾಗಿಲಲ್ಲಿ ಉತ್ತರ ಹೇಳುವವರು. 'ಕೇಳು, /ಗಿರಣಿ, ಬಸಲಿಂಗಪ್ಪ', ಇಷ್ಟೇ. ಯಾರಾದರೂ ಗುಂಡಿ ಒತ್ತಿದಾಗ ಸರ್ವರ್ ಮೇಲಿನಿಂದ ಒಂದೊಂದೇ ಸಾಲು ಓದುತ್ತಾ ಬರುತ್ತದೆ, ಹೊಂದುವ ಸಾಲು ಸಿಕ್ಕ ಕೂಡಲೇ ಅಲ್ಲಿಗೆ ಕಳಿಸಿಬಿಡುತ್ತದೆ. ಕೆಳಗೆ ಇನ್ನೇನಿದೆ ಎಂದು ನೋಡುವ ಗೋಜಿಗೆ ಹೋಗುವುದಿಲ್ಲ.

ಬಾಗಿಲಿಗೆ ಬಂದವರು ಒಳಗಿನವರ ಉತ್ತರ ಸಿಗುವ ತನಕ ಅಲ್ಲಿಂದ ಕಾಲು ಕೀಳಲಾರರು. ಬಸಲಿಂಗಪ್ಪ ಊಟಕ್ಕೆ ಕುಳಿತರೆ, ಅವನು ಕೈ ತೊಳೆದು ಬರುವವರೆಗೂ ಗಿರಣಿಯ ಮುಂದೆ ಹತ್ತು ಮಂದಿ ಹಿಟ್ಟಿನ ಡಬ್ಬಿ ಹೊತ್ತು ಕಂಬವಾಗಿರುತ್ತಾರೆ. 'ಆಯಿತು' ಎಂದರೂ ಬಿಡುಗಡೆ, 'ಇಲ್ಲ' ಎಂದರೂ ಬಿಡುಗಡೆ. ಹಾಗಾಗಿ ನಮ್ಮೂರಲ್ಲಿ ಇಲ್ಲ ಎನ್ನುವವನ ಮೇಲೆ ಯಾರಿಗೂ ಸಿಟ್ಟಿಲ್ಲ. ಸಿಟ್ಟು ಇರುವುದು ಸುಮ್ಮನೆ ಕೂರುವವನ ಮೇಲೆ.

ನನ್ನ ಚಾವಡಿಗೆ ಎರಡು ದಾರಿ. 'ಕೇಳು, /ಸರ್ವರ್' ಎಂದರೆ ಮುಂಬಾಗಿಲು. ಉತ್ತರ ಹೇಳುವವರು ತಮ್ಮ ಬಾಗಿಲಿಗೆ ತಾವು ಬಂದರೆ ಯಾರನ್ನೂ ಕಾಯಬೇಕಿಲ್ಲ, ನೆಟ್ಟಗೆ ಒಳಗೆ ಹೋಗಬಹುದು. 'ಕೊಡು, /ಅರ್ಜಿ' ಎಂದರೆ ಹಿಂದಿನ ಕಿಟಕಿ. ಕೊಡಲು ಹೋಗುವವರು ಬರಿಗೈಲಿ ಹೋಗುವಂತಿಲ್ಲ, ಕಾಗದ ಬೇಕು. ಕೊಡುವವಳು ನಾನೇ ಆದರೂ ಸರಿ, ಒಳಗಿದ್ದವರು ಅದನ್ನು ಪೂರ್ತಿ ಗಟ್ಟಿಯಾಗಿ ಓದಿಯೇ ಉತ್ತರ ಹೇಳಬೇಕು, ಓದದೆ ಹೇಳಿದ ಉತ್ತರಕ್ಕೆ ಕಾಲು ಏಳುವುದಿಲ್ಲ. ಈ ಕಾಯಿದೆ ಬರೆದವಳು ನಾನೇ. ಬರೆದ ಮೇಲೆ ಮಂದಿ ಪುಟಗಟ್ಟಲೆ ಬರೆದು ತರತೊಡಗಿದರು, ಗಂಟಲು ಹರಿದುಕೊಂಡು ಓದುವ ಪಾಡು ನನ್ನದಾಯಿತು. ತಾನು ತೋಡಿದ ಗುಂಡಿಗೆ ತಾನೇ ಬಿದ್ದಂತೆ. ಎರಡೂ ಸಾಲಿನಲ್ಲಿ ನನ್ನ ಹೆಸರಿನ ಪಕ್ಕ ಇನ್ನೊಂದು ಹೆಸರಿದೆ, ನಾನಿಲ್ಲದಾಗ ಉತ್ತರ ಹೇಳಲೆಂದು. ಗುರುಶಾಂತ, ನನ್ನ ಅಣ್ಣ. ಅವನು ಮಂಚ ಹಿಡಿಯುವ ಮೊದಲು ಬರೆದದ್ದು.

ಅಣ್ಣ ಮೂವತ್ತು ವರ್ಷ ಕಲ್ಲು ಒಡೆದವನು. ಕಲ್ಲಿನ ಪುಡಿ ಅವನ ಎದೆಯೊಳಗೆ ಮನೆ ಮಾಡಿತು. ಎರಡು ವರ್ಷದಿಂದ ಮೂಗಿಗೆ ನಳಿಗೆ, ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರ್. ಹುಸೇನಸಾಬ ದಿನಾ ಮಧ್ಯಾಹ್ನ ಎರಡಕ್ಕೆ ಕೈಗಾಡಿಯಲ್ಲಿ ಹೊಸದನ್ನು ತಂದು ಜೋಡಿಸಿ ಖಾಲಿಯದನ್ನು ಒಯ್ಯುತ್ತಾನೆ. ಹಳೆಯದು ಎಷ್ಟು ಎಳೆದರೂ ಮೂರು ಗಂಟೆಯವರೆಗೆ. ಅದಾದ ಮೇಲೆ ಅಣ್ಣನಿಗೆ ಇರುವುದು ಅವನದೇ ಎದೆ, ಆ ಎದೆಯಲ್ಲಿ ಏನೂ ಉಳಿದಿಲ್ಲ. ಒಂದೊಂದು ಮಾತಿಗೂ ಅವನು ಉಸಿರು ಕೂಡಿಸಿಕೊಳ್ಳಬೇಕು. ಹಾಗಾಗಿ ಮಾತು ಕಡಿಮೆ ಮಾಡಿದ್ದ, ಇಡೀ ದಿನಕ್ಕೆ ಒಂದು ಬೊಗಸೆ.

ಹೋದ ತಿಂಗಳು ಹೊರಗಿನ ಬಳೆ ವ್ಯಾಪಾರಿಯೊಬ್ಬ ಬಂದು /ಲಾಡ್ಜ್ ಎಂದು ಒತ್ತಿದ. ನಮ್ಮೂರಲ್ಲಿ ಲಾಡ್ಜ್ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದವನಿಗೆ ಬಾಗಿಲೂ ಇಲ್ಲ, ಉತ್ತರ ಹೇಳುವವರೂ ಇಲ್ಲ. ಪಾಪ, ಒಂದೂವರೆ ದಿನ ನಡುಬೀದಿಯಲ್ಲಿ ಬಳೆಯ ಪೆಟ್ಟಿಗೆ ಹೊತ್ತು ನಿಂತಿದ್ದ. ಹೆಂಗಸರು ಅವನಿಗೆ ರೊಟ್ಟಿ ತಿನ್ನಿಸಿ, ಅಲ್ಲೇ ಬಳೆಯನ್ನೂ ಇಡಿಸಿಕೊಂಡರು. ಕೊನೆಗೆ ಅವನ ಸಲುವಾಗಿಯೇ ನಾನೊಂದು ಸಾಲು ಬರೆದು, 'ಇಲ್ಲ' ಎನ್ನಿಸಿ ಬಿಡಿಸಿದೆ. ಊರು ಸೇರಿ ತೀರ್ಮಾನ ಮಾಡಿತು: ಯಾರು ಏನನ್ನೇ ಕೇಳಲಿ, ಅದು ಪಟ್ಟಿಯಲ್ಲಿ ಇಲ್ಲದಿದ್ದರೆ ಅವರನ್ನು ಊರಾಚೆಯ ಖಾಲಿ ಬಯಲಿಗೆ ಕಳಿಸತಕ್ಕದ್ದು. ಅಲ್ಲೊಂದು ಗುಡಿಸಲು ಹಾಕಿ, 'ಇಲ್ಲ' ಎಂದು ಹೇಳಿ ಕಳಿಸಲು ಒಬ್ಬರನ್ನು ಕೂರಿಸತಕ್ಕದ್ದು. ಆ ಕೆಲಸಕ್ಕೆ ಸಿಕ್ಕವನು ತಿಪ್ಪಣ್ಣ, ರಿಟೈರಾದ ಬಸ್ ಕಂಡಕ್ಟರ್. ಜೀವಮಾನವಿಡೀ ಜಾಗ ಇಲ್ಲ, ಚಿಲ್ಲರೆ ಇಲ್ಲ ಎಂದವನು. ಅವನಷ್ಟು ಹದವಾಗಿ ಇಲ್ಲ ಎನ್ನುವವರು ಏಳು ಊರಿಗೆ ಸಿಗಲಾರರು.

ತಿಪ್ಪಣ್ಣ ಗುಡಿಸಲಿಗೆ ಬಂದು ಕೂತ ಮೊದಲ ದಿನ ಹನ್ನೆರಡೂವರೆಗೆ ನಾನು ಆ ಸಾಲು ಬರೆದೆ. 'ಏನೇ ಆಗಲಿ' ಎಂಬುದಕ್ಕೆ ಸರ್ವರ್‌ನ ಭಾಷೆಯಲ್ಲಿ ಒಂದು ನಕ್ಷತ್ರ. ಕೇಳು, ಓರೆಗೆರೆ, ನಕ್ಷತ್ರ, ತಿಪ್ಪಣ್ಣ. ಬರೆದದ್ದು ಎಲ್ಲಿ? ಪಟ್ಟಿಯ ತುತ್ತತುದಿಯಲ್ಲಿ. ನನಗೆ ಈ ಕೆಲಸ ಕಲಿಸಿದ ರಾಚಯ್ಯ ಮಾಸ್ತರರು ಹೊಸ ಸಾಲನ್ನು ಯಾವಾಗಲೂ ಮೇಲೆಯೇ ಬರೆಯುತ್ತಿದ್ದರು. ಊಟದ ಪಂಕ್ತಿಯಲ್ಲಿ ಮೊದಲ ಎಲೆ ಹೊಸ ಬೀಗರಿಗೆ ಹಾಕುವ ಊರು ನಮ್ಮದು. ಇಪ್ಪತ್ತೆರಡು ವರ್ಷ ನಾನೂ ಹಾಗೆಯೇ ಮಾಡಿದ್ದೆ. ಏನೂ ಆಗಿರಲಿಲ್ಲ, ಏಕೆಂದರೆ ಇಪ್ಪತ್ತೆರಡು ವರ್ಷ ಯಾವ ಸಾಲೂ ಇನ್ನೊಂದರ ಬಾಯಿಗೆ ಕೈ ಹಾಕಿರಲಿಲ್ಲ. ಎಂಟರ್ ಒತ್ತಿದೆ, ಸರ್ವರ್ ಪಟ್ಟಿಯನ್ನು ಹೊಸದಾಗಿ ಓದಿಕೊಂಡಿತು. ಬಾಗಿಲು ಮುಂದೆ ಮಾಡಿ, ಅಣ್ಣನ ಜೊತೆ ಉಣ್ಣೋಣವೆಂದು /ಗುರುಶಾಂತನ ಮನೆ ಎಂದು ಒತ್ತಿ ನಡೆದೆ.

ಹತ್ತು ಹೆಜ್ಜೆಗೆ ಎದುರಾದದ್ದು ಖಾಲಿ ಬಯಲು. ಹೊಸ ಗುಡಿಸಲಿನ ಮುಂದೆ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ತಿಪ್ಪಣ್ಣ ಕೂತಿದ್ದ. ಪಕ್ಕದಲ್ಲಿ ಮಜ್ಜಿಗೆಯ ಗಡಿಗೆ, ಅದರಲ್ಲಿ ಉದ್ದ ಹಿಡಿಯ ಸೌಟು.

"ಬರ್ರಿ ಅನಸಕ್ಕಾರ, ಬರ್ರಿ! ಮೊದಲನೇ ಗಿರಾಕಿ ನೀವ ಆದ್ರಿ. ನೀವು ಕೇಳಿದ್ದು ಇಲ್ಲಿಲ್ರಿ. ಮಜ್ಜಿಗಿ ಕುಡೀರಿ."

ಗುಂಡಿ ತಪ್ಪು ಒತ್ತಿರಬೇಕು ಅಂದುಕೊಂಡು, ಗುಡಿಸಲಿನ ಗುಂಡಿಗಳಲ್ಲಿ ಮತ್ತೆ ಸರಿಯಾಗಿ ಒತ್ತಿ ನಡೆದೆ. ಹತ್ತು ಹೆಜ್ಜೆಗೆ ಮತ್ತೆ ತಿಪ್ಪಣ್ಣ. ಅಷ್ಟರಲ್ಲಿ ಗಿರಣಿಗೆ ಹೊರಟ ಇಬ್ಬರು ಹಿಟ್ಟಿನ ಡಬ್ಬಿ ಹೊತ್ತು ಬಂದರು. ಅವರ ಹಿಂದೆ ದವಾಖಾನೆಗೆ ಹೊರಟ ಮುದುಕಿ. ಅವಳ ಹಿಂದೆ ಸ್ವತಃ ಬಸಲಿಂಗಪ್ಪ, ಉಂಡು ಗಿರಣಿಗೆ ವಾಪಸು ಹೊರಟವನು. ತಿಪ್ಪಣ್ಣ ಖುಷಿಯಿಂದ ಒಬ್ಬೊಬ್ಬರಿಗೂ ಇಲ್ಲ ಎನ್ನುತ್ತಿದ್ದ. ನನ್ನ ಕೈಯ ಲೋಟ ಹಾಗೇ ನಿಂತಿತು. ಸರ್ವರ್ ಮೇಲಿನಿಂದ ಓದುತ್ತದೆ, ಮೊದಲ ಸಾಲೇ ಏನೇ ಆಗಲಿ ಎನ್ನುತ್ತದೆ. ಅಲ್ಲಿಗೆ ಓದು ಮುಗಿಯಿತು. ಕೆಳಗಿನ ನಾನೂರಕ್ಕೂ ಹೆಚ್ಚು ಸಾಲುಗಳು ಇದ್ದೂ ಇಲ್ಲದಂತೆ.

ಹೋಗಿ ಸರಿಪಡಿಸೋಣವೆಂದು /ಸರ್ವರ್ ಎಂದು ಒತ್ತಿದೆ. ಅದೂ ಕೇಳುವ ದಾರಿಯೇ ಅಲ್ಲವೇ? ಹತ್ತು ಹೆಜ್ಜೆಗೆ ಅದೇ ಖಾಕಿ ಅಂಗಿ. ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬೀಗ ಜಡಿದು ಬಂದ ಜಾಣೆ ನಾನು.

ಎರಡು ಗಂಟೆಗೆ ಬಯಲಿನಲ್ಲಿ ನೂರು ಮಂದಿಯಾಗಿದ್ದರು. ಆ ಗದ್ದಲದ ನಡುವೆ ಕೈಗಾಡಿಯ ಚಕ್ರದ ಕೀಚು ಸದ್ದು ಕೇಳಿ ನನ್ನ ಜೀವ ಬಾಯಿಗೆ ಬಂತು. ಹುಸೇನಸಾಬ. ಗಾಡಿಯ ಮೇಲೆ ಅಣ್ಣನ ಸಿಲಿಂಡರ್.

"ಇದೇನವಾ ಅನಸಕ್ಕ? ನಾ ಗುರುಶಾಂತಣ್ಣನ ಮನಿ ಅಂತ ಒತ್ತೀನಿ."

"ತಪ್ಪು ನಂದ ಸಾಬಣ್ಣ. ಮ್ಯಾಲಿನ ಸಾಲು ತಪ್ಪಿ ಬರದೀನಿ" ಎಂದೆ.

ತಿಪ್ಪಣ್ಣ ಎದ್ದು ನಿಂತ. "ತಡೀರಿ. ಉತ್ತರ ಹೇಳಾಂವ ನಾನಲ್ಲ? ಇಲ್ಲ ಅನ್ನೂ ಬದ್ಲಿ, ಅಲ್ಲಿಗಿ ಹೋಗು ಅಂತೀನಿ. ಹುಸೇನಸಾಬ, ಗುರುಶಾಂತಣ್ಣನ ಮನಿಗಿ ಹೋಗು!" ಬಾಗಿಲವರು ಹಾಗೆ ಬೇರೆ ಬಾಗಿಲಿಗೆ ಕಳಿಸುವುದುಂಟು. ಹುಸೇನಸಾಬ ಗಾಡಿ ತಳ್ಳಿಕೊಂಡು ಓಡಿದ. ಆದರೆ ಕಳಿಸಿದರೂ ದಾರಿ ಕೇಳಬೇಕಾದದ್ದು ಆ ಪಟ್ಟಿಯನ್ನೇ. ಗುಡಿಸಲಿನ ಬಲಗಡೆಯಿಂದ ಹೋದವನು ಎಡಗಡೆಯಿಂದ ಬಂದ. ಮತ್ತೆ ಹೋದ, ಮತ್ತೆ ಬಂದ. ನಾಲ್ಕನೇ ಸಲಕ್ಕೆ ಅಂಗಿ ಬೆವರಿನಲ್ಲಿ ತೊಯ್ದು ಮೈಗಂಟಿತ್ತು. ಗಾಣದ ಎತ್ತು ಕೂಡ ಅಷ್ಟು ಸುತ್ತಿರಲಾರದು.

"ನಾ ಕೊಡಾಕ ಬಂದೀನಿ ಅಂತ ಒತ್ತಿ ನೋಡ್ಲೇನು?" ಎಂದ ಏದುಸಿರು ಬಿಡುತ್ತಾ.

"ಬ್ಯಾಡ ಬ್ಯಾಡ!" ಅವನ ಕೈ ಹಿಡಿದೆ. ಖಾಲಿ ಸಿಲಿಂಡರ್ ಕೇಳಲು ಬರುವವನು ಎಂದೇ ನಾನು ಅವನಿಗೆ ದಾರಿ ಬರೆದಿದ್ದೆ. ಅಣ್ಣನ ಮನೆಗೆ ಕೊಡುವ ಸಾಲೇ ಇಲ್ಲ. ಒತ್ತಿದ್ದರೆ ಬಳೆ ವ್ಯಾಪಾರಿಯ ಹಾಗೆ ಸಿಲಿಂಡರ್ ಸಮೇತ ನಡುಬೀದಿಯಲ್ಲಿ ಕಂಬವಾಗುತ್ತಿದ್ದ.

ಆಗ ಗುಡಿಸಲಿನ ಫೋನು ಬಡಿದುಕೊಂಡಿತು. ನಮ್ಮೂರಲ್ಲಿ ಫೋನೂ ಇದೇ ಪಟ್ಟಿಯ ಮೇಲೆಯೇ ನಡೆಯುತ್ತದೆ, ಹಾಗಾಗಿ ಮಧ್ಯಾಹ್ನದಿಂದ ಊರಿನ ಫೋನುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ತಿಪ್ಪಣ್ಣ ಎತ್ತಿ ಕಿವಿಗಿಟ್ಟ, ಅವನ ಮುಖ ಇಳಿಯಿತು. ಫೋನನ್ನು ನನ್ನ ಕಡೆ ಚಾಚಿದ. ಮೊದಲು ಕೇಳಿದ್ದು ಉಸಿರು. ಆ ಉಸಿರನ್ನು ನಾನು ನೂರು ಉಸಿರಿನಲ್ಲಿ ಗುರುತಿಸಬಲ್ಲೆ.

"ಹುಸೇನಸಾಬ... ಬರ್ತಾನೇನು?"

"ಅಣ್ಣಾ, ನಾನು. ಮಾತಾಡಬ್ಯಾಡ. ಸಿಲಿಂಡರಿನ ಮುಳ್ಳು ಎಲ್ಲೈತಿ?"

"ಕೆಂಪಿನ್ಯಾಗ." ಸ್ವಲ್ಪ ಹೊತ್ತು ಬರೀ ಸುಯ್ಲು. "ಬರ್ತಾನೇನು?"

ಆ ಫೋನಿಗೆ ಉತ್ತರ ಹೇಳಬೇಕಾದವನು ತಿಪ್ಪಣ್ಣ, ನಾನು ಏನು ಹೇಳಿದರೂ ನಡೆಯದು. ಅವನು ಹೇಳುವ ತನಕ ಅಣ್ಣ ಫೋನು ಇಡಲಾರ, ಇಡದೆ ಕೇಳುತ್ತಲೇ ಇರುತ್ತಾನೆ, ಕೇಳಿದಷ್ಟೂ ಉಸಿರು ಖರ್ಚು. ಫೋನನ್ನು ತಿಪ್ಪಣ್ಣನ ಕಿವಿಗೆ ಹಿಡಿದೆ. ಮಧ್ಯಾಹ್ನದಿಂದ ಇಲ್ಲ ಇಲ್ಲ ಎಂದ ಬಾಯಿ ಎರಡು ಸಲ ತೆರೆದು ಮುಚ್ಚಿತು.

"ಬರ್ತಾನ್ರಿ" ಎಂದ ತಿಪ್ಪಣ್ಣ. "ಬಂದ ಬರ್ತಾನ್ರಿ ಯಜಮಾನ್ರ." ಫೋನಿಟ್ಟು ನನ್ನ ಕಡೆ ತಿರುಗಿದ, ಕಣ್ಣಲ್ಲಿ ನೀರು. "ಅನಸಕ್ಕಾರ, ನನ್ನ ಮಾತು ಸುಳ್ಳು ಮಾಡಬ್ಯಾಡ್ರಿ."

ಎರಡೂ ಇಪ್ಪತ್ತೈದು. ಮಂದಿ ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ನೀಲವ್ವ ಬಂದಳು. ದಿನಾ ಹತ್ತಾರು ಮನೆಗೆ ಮೊಸರು ಹಾಕುವವಳು, ತಿಪ್ಪಣ್ಣನ ಮಜ್ಜಿಗೆಗೂ ಅವಳದೇ ಮೊಸರು.

"ಯವ್ವಾ, ಇಲ್ಲೇನು ಮದಿವಿ ನಡದೈತೇನು?" ಎಂದಳು.

"ನೀನೂ ಸಿಕ್ಕೊಂಡಿ ತೊಗೊ" ಎಂದ ಬಸಲಿಂಗಪ್ಪ.

"ನಾ ಯಾಕ ಸಿಕ್ಕೋಲಿ? ಈಗರ ಶೆಟ್ರ ಮನಿಗಿ ಕೊಟ್ಟೆ, ಸಾಲಿ ಮನಿಗಿ ಕೊಟ್ಟೆ, ಇಲ್ಲಿ ಕೊಟ್ಟು ದವಾಖಾನಿಗಿ ಹೊಂಟೆ."

ನನ್ನ ತಲೆಯೊಳಗೆ ದೀಪ ಹತ್ತಿದಂತಾಯಿತು. ನಾನು ಬರೆದ ಸಾಲಿನ ಮೊದಲ ಮಾತು 'ಕೇಳು'. ಕೇಳುವವರನ್ನಷ್ಟೇ ಅದು ನುಂಗುತ್ತದೆ. ಕೊಡುವವರ ದಾರಿ ತೆರೆದೇ ಇದೆ! ನನ್ನ ಚಾವಡಿಗೂ ಕೊಡುವ ದಾರಿ ಒಂದಿದೆ, ಕಿಟಕಿಗೆ.

"ಕಾಗದ! ಯಾರರ ಕಾಗದ ಕೊಡ್ರಿ!" ಎಂದು ಕೂಗಿದೆ. ತಿಪ್ಪಣ್ಣ ತನ್ನ ಕಂಡಕ್ಟರಿಕೆಯ ಕಾಲದ ಹಳೆ ವೇಬಿಲ್ ಹಾಳೆಯನ್ನೂ ಪೆನ್ಸಿಲನ್ನೂ ಕೊಟ್ಟ. ಬರೆದೆ: 'ಮೊದಲ ಸಾಲನ್ನು ತೆಗೆಯಬೇಕು.' ಆಮೇಲೆ ಗಡಿಗೆಯ ಸೌಟನ್ನು ಎಳೆದುಕೊಂಡೆ. ಕಿಟಕಿಗೆ ಸರಳುಗಳಿವೆ, ನನ್ನ ಕೈ ಕೀಬೋರ್ಡಿನವರೆಗೆ ಎಟುಕುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

"ಸಾಬಣ್ಣ, ನೀ ಅಣ್ಣನ ಮನಿ ಅಂತ ಒತ್ತಕೋತನ ಇರು. ನಿಂದ್ರಬ್ಯಾಡ."

"ನೀ ಕಿಟಕ್ಯಾಗ ಸಿಕ್ಕೊಂಡ್ರ? ಒಳಗ ಉತ್ತರ ಹೇಳಾಕ ಯಾರದಾರ?" ಎಂದ ಹುಸೇನಸಾಬ.

ನಾನು 'ಕೊಡು, /ಅರ್ಜಿ' ಎಂದು ಒತ್ತಿ ಓಡಿದೆ.

ಹತ್ತು ಹೆಜ್ಜೆ, ಎದುರಿಗೆ ನನ್ನದೇ ಕಿಟಕಿ. ನಿಂತ ಕೂಡಲೇ ಪಾದಗಳು ನೆಲಕ್ಕೆ ಅಂಟಿದವು. ಇಪ್ಪತ್ತೆರಡು ವರ್ಷ ಒಳಗೆ ಕೂತವಳಿಗೆ ಹೊರಗೆ ನಿಂತವರ ಕಾಲು ಇಷ್ಟು ಭಾರವಾಗುತ್ತದೆ ಎಂದು ಗೊತ್ತಿರಲಿಲ್ಲ. ಒಳಗೆ ಗೋಡೆ ಗಡಿಯಾರದಲ್ಲಿ ಎರಡೂ ನಲವತ್ತು. ಪರದೆಯ ಮೇಲೆ ಮೊದಲ ಸಾಲು, ಅದರ ಕೊನೆಗೆ ನಾನು ಬಿಟ್ಟುಹೋದ ಗೀಟು ಮಿಣುಕುತ್ತಿತ್ತು. ಸರಳಿನ ಸಂದಿಯಿಂದ ತೋಳನ್ನು ಭುಜದವರೆಗೆ ತೂರಿಸಿ, ಸೌಟಿನ ಹಿಡಿಯ ತುದಿಯಿಂದ ಅಳಿಸುವ ಗುಂಡಿಗೆ ಗುರಿಯಿಟ್ಟೆ. ಮೊದಲ ಏಟಿಗೆ ಪಕ್ಕದ ಗುಂಡಿ ಒತ್ತಿ ಒಂದು ಅಕ್ಷರ ಹೆಚ್ಚೇ ಆಯಿತು. ಬೈದುಕೊಂಡೆ. ಎರಡನೆಯದು ಸರಿಯಾಗಿ ಬಿತ್ತು. ತಿಪ್ಪಣ್ಣನ ಹೆಸರು ಹಿಂದಿನಿಂದ ಒಂದೊಂದೇ ಅಕ್ಷರವಾಗಿ ಹೋಯಿತು, ನಕ್ಷತ್ರ ಹೋಯಿತು, ಓರೆಗೆರೆ ಹೋಯಿತು, ಕೇಳು ಹೋಯಿತು. ಸೌಟಿನಿಂದ ಸೋರಿದ ಮಜ್ಜಿಗೆ ಮೊಣಕೈವರೆಗೆ ಇಳಿಯುತ್ತಿತ್ತು. ಎಂಟರ್ ಗುಂಡಿಗೆ ತುದಿ ಮುಟ್ಟಿಸಿ ಮೈಯೆಲ್ಲ ಭಾರ ಬಿಟ್ಟೆ. ಪರದೆ ಒಮ್ಮೆ ಕಣ್ಣು ಮಿಟುಕಿಸಿ ಪಟ್ಟಿಯನ್ನು ಮತ್ತೆ ಓದಿಕೊಂಡಿತು. ಗಡಿಯಾರದಲ್ಲಿ ಎರಡೂ ಐವತ್ತೊಂದು.

ಆಮೇಲೆ ಮಾಡಲು ಏನೂ ಇರಲಿಲ್ಲ. ಅದೇ ನಿಜವಾದ ಶಿಕ್ಷೆ. ಬಯಲಿನಿಂದ ಅಣ್ಣನ ಮನೆಗೆ ಹತ್ತೇ ಹೆಜ್ಜೆ. ಹುಸೇನಸಾಬ ಒತ್ತುತ್ತಲೇ ಇದ್ದನೋ, ದಣಿದು ಕೂತಿದ್ದನೋ? ಖಾಲಿ ಸಿಲಿಂಡರ್‌ನ ತಿರುಪು ಬೇಗ ಬಿಚ್ಚಿತೋ, ಕಚ್ಚಿಕೊಂಡಿತೋ? ಅಣ್ಣ ಫೋನು ಇಟ್ಟನೋ, ಕೈಯಿಂದ ಜಾರಿತೋ? ಮೂರು ಹೊಡೆಯಿತು. ನನ್ನ ಉಸಿರು ಸರಾಗವಾಗಿ ಹೋಗಿ ಬರುತ್ತಿತ್ತು, ಅದಕ್ಕೇ ನನಗೆ ಅದರ ಮೇಲೆ ನಾಚಿಕೆಯಾಯಿತು. ಮೂರೂ ಕಾಲು. ಯಾರೂ ಬರಲಿಲ್ಲ. ಬಂದರೆ ಒಳ್ಳೆಯ ಸುದ್ದಿ ಬರುತ್ತದೆ ಎಂಬ ಭರವಸೆಯೂ ಇರಲಿಲ್ಲ. ಕಾಲು ಬಿಟ್ಟಿದ್ದರೆ ಓಡಿಹೋಗುತ್ತಿದ್ದೆ. ಬಿಡಲಿಲ್ಲ. ವೇಬಿಲ್ಲಿನ ಬೆನ್ನಿಗೆ, ಗೋಡೆಗೆ ಹಾಳೆ ಒತ್ತಿಕೊಂಡು ಬರೆಯತೊಡಗಿದೆ. ಅತ್ತು ಹಗುರಾಗುವವರಂತೆ ಬರೆದೆ, ಹಾಳೆ ತುಂಬುವ ತನಕ ಬರೆದೆ.

ಮೂರೂವರೆ ದಾಟಿ ಮುಂಬಾಗಿಲಿನ ಕಡೆಯಿಂದ ಕೀಚು ಸದ್ದು. ಕೈಗಾಡಿ. ಅಗುಳಿ ತೆಗೆದ ಸದ್ದು. ಒಳಗೆ ಹುಸೇನಸಾಬ ಸಿಲಿಂಡರನ್ನು ಕೂಸಿನಂತೆ ತಬ್ಬಿಕೊಂಡು ಬಂದ. ಅದರಿಂದ ಹೊರಟ ನಳಿಗೆಯ ಇನ್ನೊಂದು ತುದಿಯಲ್ಲಿ, ಎರಡು ವರ್ಷದಿಂದ ಮಂಚ ಬಿಟ್ಟಿಳಿಯದ ನನ್ನ ಅಣ್ಣ. ಗೋಡೆ ಹಿಡಿದು, ಮೇಜು ಹಿಡಿದು, ನನ್ನ ಕುರ್ಚಿಯಲ್ಲಿ ಕುಳಿತ. ತುಟಿ ನೀಲಿ ತಿರುಗಿತ್ತು. ಎದೆ ಏರಿ ಇಳಿಯುತ್ತಿತ್ತು.

"ಬ್ಯಾಡ ಅಂದ್ರ ಕೇಳಲಿಲ್ಲವಾ" ಎಂದ ಹುಸೇನಸಾಬ. "ಸಿಲಿಂಡರ್ ಬದ್ಲಿ ಮಾಡಿ ನೀ ಕಿಟಕ್ಯಾಗ ನಿಂತೀದಿ ಅಂತ ಹೇಳೀನಿ, ಎದ್ದ ಬಿಟ್ಟ. ನನ್ನ ಗಾಡಿ ಮ್ಯಾಲ ಕುಂತು ಬಂದಾನ."

ನಾನು ಸರಳು ಹಿಡಿದುಕೊಂಡು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ, ದನಿ ತೆಗೆದು ಅತ್ತೆ. ಅಣ್ಣ ಕೈ ಚಾಚಿದ.

"ಅರ್ಜಿ ಕೊಡು."

"ಅಣ್ಣಾ, ಅದು ಭಾಳ ಉದ್ದ ಐತಿ. ಓದಬ್ಯಾಡ. ಹಂಗ ನಿಲ್ತೀನಿ ನಾ, ನಾಳಿಗಿ ಓದು."

"ಕಾಯಿದೆ... ಯಾರು ಮಾಡಿದ್ದು?" ಎಂದ. ತುಟಿಯ ಮೂಲೆಯಲ್ಲಿ ಹಳೆಯ ತುಂಟತನ.

ಹಾಳೆಯನ್ನು ಸರಳಿನಿಂದ ಒಳಗೆ ತಳ್ಳಿದೆ. ಅವನು ಓದತೊಡಗಿದ, ಗಟ್ಟಿಯಾಗಿ, ಒಂದೊಂದು ಮಾತಿಗೂ ನಿಂತು. 'ಮೊದಲ ಸಾಲನ್ನು ತೆಗೆಯಬೇಕು.' ಹಾಳೆ ಮಗುಚಿದ. 'ಇದು ನಾನು ಮಾಡಿದ ತಪ್ಪು. ಮಾಸ್ತರರ ತಪ್ಪಲ್ಲ, ತಿಪ್ಪಣ್ಣನ ತಪ್ಪಲ್ಲ.' ನಿಂತು ಉಸಿರು ಕೂಡಿಸಿಕೊಂಡ. 'ನಮ್ಮಣ್ಣ ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟವನು, ಅವನ ಉಸಿರಿನ ದಾರಿಗೆ ನಾನೇ ಅಡ್ಡ ಗೆರೆ ಬರೆದೆ.' ಇಲ್ಲಿ ಬಹಳ ಹೊತ್ತು ನಿಂತ. ಹುಸೇನಸಾಬ ಮುಖ ತಿರುಗಿಸಿಕೊಂಡ. ನಾನು ಬರೆದ ಒಂದೊಂದು ಅಕ್ಷರವೂ ಅವನ ಎದೆಯಿಂದ ಗಾಳಿ ಕಸಿಯುವುದನ್ನು ನೋಡುತ್ತಾ ನಿಂತೆ. ಅವನು ಒಂದನ್ನೂ ಬಿಡಲಿಲ್ಲ. ಕೊನೆಯ ಸಾಲಿಗೆ ಬರುವಾಗ ಧ್ವನಿ ನೂಲಿನ ಎಳೆಯಷ್ಟಾಗಿತ್ತು. 'ಇನ್ನು ಈ ಪಟ್ಟಿ ಮುಟ್ಟುವ ಯೋಗ್ಯತೆ ನನಗಿಲ್ಲ. ನನ್ನನ್ನು ಈ ಕೆಲಸದಿಂದ ಬಿಡಿಸಬೇಕು.'

ಹಾಳೆಯನ್ನು ಮೇಜಿನ ಮೇಲಿಟ್ಟು, ಮಡಿಕೆ ಬೀಳದಂತೆ ಅಂಗೈಯಿಂದ ಸವರಿದ. ನಳಿಗೆಯನ್ನು ಸರಿಮಾಡಿಕೊಂಡು ನನ್ನ ಮುಖ ನೋಡಿದ. ಉಸಿರು ಎಳೆದುಕೊಂಡ, ಸಾಲದೆ ಇನ್ನೊಂದು ಎಳೆದುಕೊಂಡ.

"ಆಗೂದಿಲ್ಲ" ಎಂದ ಅಣ್ಣ.

ನನ್ನ ಕಾಲುಗಳು ನೆಲ ಬಿಟ್ಟವು.